ಹುಲ್ಲಿನ ಚೀಲದಲ್ಲಿ ಚಿಪ್ಪು ಅಣಬೆ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯ ಹಿಂದೆ ಒಂದು ಕೋಣೆ ಖಾಲಿ ಇದೆ. ಮನೆಮಟ್ಟಿಗೆ ಅಣಬೆ ಬೆಳೆಯೋಣ ಎಂದಿದ್ದೇವೆ. ಯಾವ ಅಣಬೆ ಹಾಕಬೇಕು, ಯಾವ ತಿಂಗಳಲ್ಲಿ ಶುರು ಮಾಡಬೇಕು? (ಸುಂಟಿಕೊಪ್ಪ)

ಉತ್ತರ: ಚಿಪ್ಪು ಅಣಬೆಯಿಂದಲೇ ಶುರು ಮಾಡಿ. ನಮ್ಮದು ತಂಪು ಜಾಗವೆಂದು ಹಲವರು ಬಟನ್ ಅಣಬೆಗೆ ಆಸೆ ಪಡುತ್ತಾರೆ. ಅದಕ್ಕೆ ವಾರಗಟ್ಟಲೆ ಮಗುಚಿ ಕೊಳೆಸಿದ ಗೊಬ್ಬರ ಬೇಕು, ಅದರ ಮೇಲೆ ಮಣ್ಣಿನ ಹೊದಿಕೆ ಬೇಕು, ಅಣಬೆ ಏಳುವಾಗ 14ರಿಂದ 18 ಡಿಗ್ರಿ ಉಷ್ಣಾಂಶ ಹಗಲೂ ರಾತ್ರಿ ಏರುಪೇರಿಲ್ಲದೆ ಇರಬೇಕು. ಮನೆಯಲ್ಲಿ ಇದು ಕಷ್ಟ. ಹಾಲು ಅಣಬೆ 30 ಡಿಗ್ರಿ ದಾಟಿದ ಸೆಕೆ ಕೇಳುತ್ತದೆ. ಚಿಪ್ಪು ಅಣಬೆಗೆ 20ರಿಂದ 28 ಡಿಗ್ರಿ ಮತ್ತು ಭತ್ತದ ಹುಲ್ಲು ಇದ್ದರಾಯಿತು.

ಮೊದಲ ಸಲಕ್ಕೆ ಫೆಬ್ರವರಿ ಒಳ್ಳೆಯದು. ಹುತ್ತರಿ ಕಳೆದು ಗದ್ದೆ ಕೊಯ್ಲು ಮುಗಿದಿರುತ್ತದೆ, ಹೊಸ ಹುಲ್ಲು ಸಿಗುತ್ತದೆ, ಚಳಿಯೂ ಕಡಿಮೆಯಾಗುತ್ತಿರುತ್ತದೆ. ಆಗ ಗಾಳಿ ಒಣಗಿರುವುದು ನಿಜ, ಆದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟಿದರೆ ಅದು ಸರಿಹೋಗುತ್ತದೆ. ಅಕ್ಟೋಬರಿನಲ್ಲೂ ಮಾಡಬಹುದು, ಆದರೆ ಆಗ ನಿಮ್ಮ ಕೈಗೆ ಸಿಗುವುದು ಒಂದು ಮಳೆಗಾಲ ಕಂಡ ಹುಲ್ಲು. ಅಟ್ಟದಲ್ಲಿ ಒಣದಾಗಿ ಇಟ್ಟಿದ್ದರೆ ಮಾತ್ರ ಬಳಸಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೀಜ (ಕಾಳಿನ ಮೇಲೆ ಬೆಳೆಸಿದ ಅಣಬೆಯ ಎಳೆ, ಸ್ಪಾನ್) ಹಬ್ಬುವುದು ನಿಧಾನ. ನಾಲ್ಕು ಚೀಲ ಸಾಕು, ನಲವತ್ತು ಬೇಡ.

ಪ್ರಶ್ನೆ: ಹುಲ್ಲು ಹದ ಮಾಡಿ ಚೀಲ ತುಂಬುವ ಕ್ರಮವನ್ನು ಅಳತೆ ಸಮೇತ ತಿಳಿಸಿ. ಫಾರ್ಮಾಲಿನ್ ಹಾಕಲೇಬೇಕೇ? (ಪೊನ್ನಂಪೇಟೆ)

ಉತ್ತರ: ಬೂಷ್ಟು ಕೊಲ್ಲಲು ಹಾಕುವ ಆ ಫಾರ್ಮಾಲಿನ್ ರಾಸಾಯನಿಕ ಬೇಡ. ಅದರ ಆವಿ ಕಣ್ಣು, ಮೂಗು, ಗಂಟಲಿಗೆ ಕೆಟ್ಟದ್ದು. ನಾಲ್ಕೈದು ಚೀಲಕ್ಕೆ ಬಿಸಿನೀರೇ ಸಾಕು.

ಒಂದು ಚೀಲಕ್ಕೆ 1 ಕೆಜಿ ಒಣಹುಲ್ಲು, 100 ಗ್ರಾಂ ಬೀಜ, 1 ಅಡಿ ಅಗಲ 2 ಅಡಿ ಉದ್ದದ ಪ್ಲಾಸ್ಟಿಕ್ ಚೀಲ ಬೇಕು. ಹುಲ್ಲು ಹೊಂಬಣ್ಣದ್ದಾಗಿರಲಿ, ಕಪ್ಪಾಗಿದ್ದರೆ, ಮುಗ್ಗಲು ವಾಸನೆ ಬಂದರೆ ದನಕ್ಕೂ ಬೇಡ, ಅಣಬೆಗೂ ಬೇಡ. ಎರಡು ಇಂಚಿನ ತುಂಡು ಮಾಡಿ, ಶುದ್ಧ ಗೋಣಿಚೀಲದಲ್ಲಿ ತುಂಬಿ ರಾತ್ರಿಯಿಡೀ ತಣ್ಣೀರಿನಲ್ಲಿ ಮುಳುಗಿಸಿಡಿ. ಗೊಬ್ಬರ ಬಂದ ಚೀಲ ಬಳಸಬೇಡಿ. ಬೆಳಿಗ್ಗೆ ಆ ನೀರು ಚೆಲ್ಲಿ, ಬಚ್ಚಲಿನ ಹಂಡೆಯ ಬಿಸಿನೀರಿಗೆ ಗೋಣಿ ಸಮೇತ ಇಳಿಸಿ, ತೇಲದಂತೆ ಮೇಲೆ ಕಲ್ಲು ಹೇರಿ. ನೀರು 80 ಡಿಗ್ರಿ ದಾಟಿರಬೇಕು: ಆವಿ ದಟ್ಟವಾಗಿ ಏಳುತ್ತಿರುತ್ತದೆ, ತಳದಿಂದ ಸಣ್ಣ ಗುಳ್ಳೆ ಬರುತ್ತಿರುತ್ತದೆ. ಆ ಬಿಸಿಯಲ್ಲಿ ಒಂದು ಗಂಟೆ ಇರಲಿ. ಹುಲ್ಲು ಹಾಕಿದ ಕೂಡಲೇ ನೀರಿನ ಬಿಸಿ ಇಳಿಯುತ್ತದೆ. ಮತ್ತೆ ಕಾದ ಮೇಲಿಂದ ಗಂಟೆ ಎಣಿಸಿ.

ಮುಂದಿನದು ಬಹಳ ಜನ ಎಡವುವ ಹಂತ. ಗೋಣಿಯನ್ನು ತೂಗುಹಾಕಿ ನೀರು ಬಸಿಯಲು ಬಿಡಿ, ಆಮೇಲೆ ತೊಳೆದ ಟಾರ್ಪಾಲಿನ ಮೇಲೆ, ಮುಚ್ಚಿದ ಕೋಣೆಯಲ್ಲಿ, ಫ್ಯಾನ್ ಹಾಕದೆ ಹರಡಿ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಹನಿ ಬಿದ್ದರೆ ಇನ್ನೂ ಕಾಯಿರಿ. ಮಳೆಗಾಲದಲ್ಲಿ ಈ ಹದ ಬರಲು ಎರಡರಷ್ಟು ಹೊತ್ತು ಬೇಕಾಗಬಹುದು. ಹಾಗೆಂದು ಹರಡಿದ್ದನ್ನು ಮರುದಿನಕ್ಕೆ ಇಡಬೇಡಿ, ಬೂಷ್ಟಿನ ಕಣಗಳು ಮತ್ತೆ ಬಂದು ಕೂರುತ್ತವೆ. 1 ಕೆಜಿ ಒಣಹುಲ್ಲು ಹದವಾದಾಗ ಸುಮಾರು 3 ಕೆಜಿ ತೂಗುತ್ತದೆ.

ಕೈ ಸೋಪಿನಲ್ಲಿ ತೊಳೆದುಕೊಂಡು ತುಂಬಲು ಕೂರಿ. ಮೂರು ಇಂಚು ಹುಲ್ಲು ಒತ್ತಿ, ಅಂಚಿನ ಸುತ್ತ ಬೀಜ ಉದುರಿಸಿ, ಮತ್ತೆ ಹುಲ್ಲು, ಮತ್ತೆ ಬೀಜ. ಹೀಗೆ ಐದು ಪದರ. ಹುಲ್ಲು ಸಡಿಲವಿದ್ದರೆ ಬೀಜದ ಎಳೆ ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲ, ಚೆನ್ನಾಗಿ ಒತ್ತಿ. ಬಾಯಿ ಕಟ್ಟಿ, ಕಾಯಿಸಿದ ದಬ್ಬಳದಿಂದ ಹದಿನೈದಿಪ್ಪತ್ತು ತೂತು ಮಾಡಿ ಕತ್ತಲೆ ಕೋಣೆಯಲ್ಲಿಡಿ. 15ರಿಂದ 20 ದಿನ ನೀರು ಬೇಡ, ಬಿಚ್ಚಿ ನೋಡುವುದೂ ಬೇಡ.

ಪ್ರಶ್ನೆ: ಹತ್ತು ದಿನಕ್ಕೆ ಚೀಲದಲ್ಲಿ ಹಸಿರು ಬೂಷ್ಟು ಬಂತು. ಏನು ತಪ್ಪಾಯಿತು? ಉಳಿಸಬಹುದೇ? (ಮಡಿಕೇರಿ)

ಉತ್ತರ: ಅದು ಟ್ರೈಕೋಡರ್ಮಾ. ಮೆಣಸಿನ ಬಳ್ಳಿಯ ಬುಡಕ್ಕೆ ಗೊಬ್ಬರದಲ್ಲಿ ಬೆರೆಸಿ ಹಾಕುತ್ತೇವಲ್ಲ, ಅದೇ ಜಾತಿಯ ಶಿಲೀಂಧ್ರ. ತೋಟದಲ್ಲಿ ನೆಂಟ, ಅಣಬೆ ಕೋಣೆಯಲ್ಲಿ ಶತ್ರು. ತೋಟಕ್ಕೆ ಅದನ್ನು ಹಾಕಿದ ದಿನ ಅದೇ ಬಟ್ಟೆಯಲ್ಲಿ ಅಣಬೆ ಕೋಣೆಗೆ ಹೋಗಬೇಡಿ.

ಕಲೆ ಎಲ್ಲಿದೆ ನೋಡಿ, ಕಾರಣ ಹೆಚ್ಚಾಗಿ ಅಲ್ಲೇ ಗೊತ್ತಾಗುತ್ತದೆ. ಚೀಲದ ತಳದಲ್ಲಿದ್ದರೆ ನೀರು ಹೆಚ್ಚಾಗಿದೆ. ಎಲ್ಲ ಕಡೆ ಚುಕ್ಕಿ ಚುಕ್ಕಿಯಾಗಿದ್ದರೆ ಹುಲ್ಲು ಸರಿಯಾಗಿ ಬೇಯಲಿಲ್ಲ. ಬೀಜದ ಕಾಳಿನ ಸುತ್ತಲೇ ಇದ್ದರೆ ಬೀಜವೇ ಕೆಟ್ಟದ್ದು. ತೂತಿನ ಬಾಯಲ್ಲಿ ಮಾತ್ರ ಇದ್ದರೆ ಕೈ, ಸೂಜಿ ಅಥವಾ ನೊಣದಿಂದ ಬಂದದ್ದು. ಹುಳಿ ವಾಸನೆಯೂ ಇದ್ದರೆ ಬ್ಯಾಕ್ಟೀರಿಯಾ ಸೇರಿದೆ, ಅದಕ್ಕೂ ನೀರೇ ಮೂಲ. ನಮ್ಮ ಕಡೆಯ ತೇವಕ್ಕೆ ಹುಲ್ಲು ಸ್ವಲ್ಪ ಒಣಗಿದ್ದರೂ ತೊಂದರೆಯಿಲ್ಲ, ಹಸಿಯಾಗಿದ್ದರೆ ಮಾತ್ರ ಉಳಿಯುವುದಿಲ್ಲ.

ರೂಪಾಯಿ ಅಗಲದ ಒಂದು ಕಲೆಯಿದ್ದು ಉಳಿದದ್ದು ಬೆಳ್ಳಗಿದ್ದರೆ ಬೇರೆ ಕಡೆ ಇಟ್ಟು ಕಾಯಿರಿ. ಎಷ್ಟೋ ಸಲ ಅಣಬೆಯ ಎಳೆಯೇ ಗೆಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿದ್ದರೆ ಒಳಗೆ ಬಿಚ್ಚದೆ ದೂರ ಒಯ್ದು ಮಣ್ಣಿನಲ್ಲಿ ಹೂಳಿ. ಚೀಲದಲ್ಲಿ ತೆಳ್ಳಗಿನ ಕಪ್ಪು ಕೊಡೆಗಳು ಎದ್ದರೆ ಕಿತ್ತೆಸೆಯಿರಿ, ತಿನ್ನಬೇಡಿ.

ಪ್ರಶ್ನೆ: ಅಣಬೆ ಬಂತು, ಆದರೆ ಕಾಂಡ ಉದ್ದ, ತಲೆ ಗುಂಡುಸೂಜಿಯಷ್ಟೇ. ಕೆಲವು ಮೊಗ್ಗಲ್ಲೇ ಹಳದಿಯಾದವು. (ವಿರಾಜಪೇಟೆ)

ಉತ್ತರ: ಗಾಳಿ ಸಾಲದು. ಅಣಬೆಯೂ ಉಸಿರಾಡುತ್ತದೆ, ಮಳೆಯೆಂದು ಬಾಗಿಲು ಮುಚ್ಚಿಟ್ಟರೆ ಇಂಗಾಲದ ಡೈಆಕ್ಸೈಡ್ ತುಂಬಿ ಕಾಂಡ ಮಾತ್ರ ಉದ್ದವಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ಅರ್ಧರ್ಧ ಗಂಟೆ ಬಾಗಿಲು ಕಿಟಕಿ ತೆರೆಯಿರಿ, ನೊಣಕ್ಕೆ ಸಣ್ಣ ಕಣ್ಣಿನ ಬಲೆ ಹಾಕಿ. ಪೇಪರ್ ಓದುವಷ್ಟು ಬೆಳಕೂ ಬೇಕು. ಒಲೆಯ ಹೊಗೆ ತಾಗುವ ಕೋಣೆ ಬೇಡ.

ಹಳದಿಯಾಗುವುದು ಮೊಗ್ಗಿನ ಮೇಲೆ ನೇರ ನೀರು ಬಿದ್ದು ನಿಂತಾಗ, ಇಲ್ಲವೇ ಪೂರ್ತಿ ಒಣಗಿದಾಗ. ಸ್ಪ್ರೇಯಿಂದ ಮಂಜಿನಂತೆ ಗೋಡೆಗೆ, ನೆಲಕ್ಕೆ ಹೊಡೆಯಿರಿ. ಫೆಬ್ರವರಿಯಲ್ಲಿ ದಿನಕ್ಕೆ ಎರಡು ಮೂರು ಸಲ. ಜುಲೈಯಲ್ಲಿ ಕೆಲವು ದಿನ ಒಂದೂ ಬೇಡ. ಚೀಲ ಪೂರ್ತಿ ಬೆಳ್ಳಗಾದ ಮೇಲೆ ಮಳೆಗಾಲದಲ್ಲಾದರೆ ಪ್ಲಾಸ್ಟಿಕ್ ಪೂರಾ ತೆಗೆಯಬಹುದು. ಬೇಸಿಗೆಯಲ್ಲಿ, ಅದರಲ್ಲೂ ಕುಶಾಲನಗರದ ಕಡೆ, ಬರೀ ಸೀಳು ಹಾಕಿ.

ಅಣಬೆಯ ಅಂಚು ಮೇಲಕ್ಕೆ ಸುರುಳಿಯಾಗುವ ಮುಂಚೆ ಇಡೀ ಗೊಂಚಲು ತಿರುಚಿ ಕೀಳಿ, ಬುಡದ ತುಂಡು ಉಳಿಯದಿರಲಿ. ಮುಂದಿನ ಬೆಳೆಗೆ ವಾರ, ಹತ್ತು ದಿನ. ಮೂರು ಕೊಯ್ಲು ಸೇರಿ 1 ಕೆಜಿ ಒಣಹುಲ್ಲಿಗೆ 600ರಿಂದ 800 ಗ್ರಾಂ ಬಂದರೆ ಚೆನ್ನಾಗಿ ಮಾಡಿದ್ದೀರಿ ಎಂದರ್ಥ.

ಪ್ರಶ್ನೆ: ಹುಲ್ಲಿನ ಬದಲು ಕಾಫಿ ಸಿಪ್ಪೆ ಆಗುತ್ತದೆಯೇ? (ಸೋಮವಾರಪೇಟೆ)

ಉತ್ತರ: ಬರೀ ಸಿಪ್ಪೆ ಬೇಡ, ಕಾಲು ಪಾಲು ಸೇರಿಸಬಹುದು. ಅದರಲ್ಲಿರುವ ಕೆಫೀನ್, ಟ್ಯಾನಿನ್ ಎಳೆಯ ಓಟವನ್ನು ನಿಧಾನ ಮಾಡುತ್ತವೆ. ಜೊತೆಗೆ ಸಿಪ್ಪೆ ಒತ್ತಾಗಿ ಕೂತು ಗಾಳಿಯಾಡುವುದಿಲ್ಲ. ಚೆರಿ ಕಾಫಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಹಲ್ ಮಾಡಿಸಿದಾಗ, ಅಂದರೆ ಸಿಪ್ಪೆ ಬಿಡಿಸಿದಾಗ, ಬರುವ ಒಣ ಸಿಪ್ಪೆ ಮಾತ್ರ ಬಳಸಿ, ಹಸಿ ಹಣ್ಣು ಸುಲಿಯುವ ಪಲ್ಪರ್‌ನಿಂದ ಬರುವ ಹಸಿ ಸಿಪ್ಪೆ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ತೋಟದಲ್ಲಿ ಏಳುವ ಕುಮ್ಮಿನ (ಹುತ್ತದ ಅಣಬೆಯ) ರುಚಿ ಇದಕ್ಕಿಲ್ಲ. ಅದನ್ನೇ ಮನೆಯಲ್ಲಿ ಬೆಳೆಯಬಾರದೇ? ಬೀಜ ಎಲ್ಲಿ ಸಿಗುತ್ತದೆ? (ಗೋಣಿಕೊಪ್ಪ)

ಉತ್ತರ: ಹುತ್ತದ ಅಣಬೆಗೆ ಗೆದ್ದಲು ಬೇಕೇ ಬೇಕು. ನೆಲದೊಳಗಿನ ಗೂಡಿನಲ್ಲಿ ಗೆದ್ದಲೇ ಅದನ್ನು ಸಾಕುತ್ತದೆ. ಆ ಜೊತೆಯಿಲ್ಲದೆ ಚೀಲದಲ್ಲಿ ಅದು ಬರುವುದಿಲ್ಲ. ಹುತ್ತ ಅಗೆಯದೆ ಬಿಟ್ಟರೆ ಮುಂದಿನ ಮಳೆಗೆ ಅಲ್ಲೇ ಏಳಬಹುದು.

ಚಿಪ್ಪು ಅಣಬೆಯ ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ, ಮುಂಚೆಯೇ ಹೇಳಿಡಬೇಕು. ನಿಮ್ಮ ಊರಿನ ಕೃಷಿ ವಿಜ್ಞಾನ ಕೇಂದ್ರದಲ್ಲೂ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲೂ ಬೀಜ, ತರಬೇತಿಯ ಬಗ್ಗೆ ವಿಚಾರಿಸಿ. ಕಾಳು ಬೆಳ್ಳಗೆ ಹೊದ್ದಿರಬೇಕು. ಹಸಿರು, ಕಪ್ಪು ಚುಕ್ಕಿ ಅಥವಾ ಹಳದಿ ನೀರು ಕಂಡರೆ ತೆಗೆದುಕೊಳ್ಳಬೇಡಿ. ತಂದದ್ದನ್ನು ಫ್ರಿಜ್ಜಿನಲ್ಲಿಟ್ಟು ತಿಂಗಳೊಳಗೆ ಬಳಸಿ.

ಪ್ರಶ್ನೆ: ಅಣಬೆ ಕೋಣೆಗೆ ಹೋಗಿ ಬಂದರೆ ಅಮ್ಮನಿಗೆ ಕೆಮ್ಮು. (ಕುಶಾಲನಗರ)

ಉತ್ತರ: ಬಲಿತ ಅಣಬೆ ಉದುರಿಸುವ ಬಿಳಿ ಪುಡಿಯಿಂದ ಅದು ಬಂದಿರಬಹುದು. ಎಳೆಯದಿರುವಾಗಲೇ ಕೊಯ್ಯಿರಿ, ಒಳಗೆ ಹೋಗುವ ಮುಂಚೆ ಬಾಗಿಲು ತೆರೆದಿಡಿ, ಮಾಸ್ಕ್ ಹಾಕಿ. ಮಲಗುವ ಕೋಣೆಯಲ್ಲಿ ಚೀಲ ಇಡಲೇಬೇಡಿ. ಅಮ್ಮನವರಿಗೆ ಉಬ್ಬಸವಿದ್ದರೆ ಆ ಕೋಣೆಯ ಕೆಲಸ ಬೇರೆಯವರು ನೋಡಿಕೊಳ್ಳಲಿ. ಕೆಮ್ಮು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಅಣಬೆ ಬೆಳೆಯುತ್ತಿರುವ ವಿಷಯವನ್ನೂ ಅವರಿಗೆ ಹೇಳಿ.