ಗದರಿಸದಿದ್ದರೂ ಹೆದರುತ್ತಾರೆ, ಏಕೆ?

ಪ್ರಶ್ನೆ: ಬದಿಯಡ್ಕ ಸಮೀಪದ ಸೇವಾ ಸಹಕಾರಿ ಬ್ಯಾಂಕೊಂದಕ್ಕೆ ಗುಮಾಸ್ತೆಯಾಗಿ ಸೇರಿ ಈಗ ಕಾರ್ಯದರ್ಶಿಯಾಗಿದ್ದೇನೆ. ವಯಸ್ಸು 53. ‘ಅಕ್ಕ’ ಎನ್ನುತ್ತಿದ್ದವರೆಲ್ಲ ‘ಮೇಡಂ’ ಎನ್ನತೊಡಗಿದ್ದಾರೆ. ಊಟದ ಕೋಣೆಗೆ ಹೋದರೆ ಮಾತು ನಿಲ್ಲುತ್ತದೆ. ನಾನು ಯಾರನ್ನೂ ಗದರಿಸಿದವಳಲ್ಲ, ಕೋಪ ತೋರಿಸಿದವಳೂ ಅಲ್ಲ. ಎಲ್ಲರೊಂದಿಗೂ ತುಳುವಿನಲ್ಲೇ ಮಾತು; ಕೆಲಸದಲ್ಲಿ ತಪ್ಪಾದಾಗ ಮಾತ್ರ, ಸ್ಪಷ್ಟವಾಗಿರಲಿ ಎಂದು ಮಲಯಾಳದಲ್ಲಿ ಹೇಳುತ್ತೇನೆ. ಈ ಸಲ ಕೊಳೆರೋಗದಿಂದ ಅಡಿಕೆ ಫಸಲು ಕೈಕೊಟ್ಟಿದೆ. ಸಾಲ ಬಾಕಿಯಿರುವ ನೆರೆಕರೆಯವರಿಗೆ, ನೆಂಟರಿಗೆ ನೋಟೀಸು ಕಳುಹಿಸಬೇಕಾದವಳು ನಾನೇ. ಮನೆಗೆ ಬಂದರೆ ಯಾರೊಂದಿಗೂ ಮಾತು ಬೇಡವೆನಿಸುತ್ತದೆ. ಸ್ವಯಂ ನಿವೃತ್ತಿ ತೆಗೆದುಕೋ ಎನ್ನುತ್ತಾರೆ ನಮ್ಮವರು. ತೆಗೆದುಕೊಳ್ಳಲೇ?
– ಕಾರ್ಯದರ್ಶಿ, ಕಾಸರಗೋಡು ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನಾನು ಪೆನ್ಸಿಲಿನಿಂದ ಗೀಟು ಎಳೆದದ್ದು ಮಲಯಾಳದ ಸಾಲಿಗೆ. ಕೋಪ ತೋರಿಸುವುದಿಲ್ಲ ಎಂದು ಬರೆದ ಬೆನ್ನಿಗೇ, ತಪ್ಪಾದಾಗ ತುಳು ಬಿಡುತ್ತೇನೆ ಎಂದೂ ಬರೆದಿದ್ದೀರಿ! ಕಡತಗಳು ಮಲಯಾಳದಲ್ಲಿರುತ್ತವೆ, ಸರಿ. ಆದರೆ ಬೆಳಿಗ್ಗೆ ತುಳುವಿನಲ್ಲಿ ಮಗುವಿನ ಜ್ವರ ವಿಚಾರಿಸಿದವರು ಮಧ್ಯಾಹ್ನ ಕಡತದ ಭಾಷೆಯಲ್ಲಿ ಲೆಕ್ಕ ಕೇಳಿದರೆ, ಕೌಂಟರಿನ ಹುಡುಗಿಗೆ ಬೇರೆ ಗದರಿಕೆ ಏಕೆ ಬೇಕು? ಸ್ಪಷ್ಟತೆಗಾಗಿ ಎನ್ನುವುದನ್ನು ನಾನು ನಂಬುವುದಿಲ್ಲ. ದಿನವಿಡೀ ಆಡುವ ಮಾತಿನಲ್ಲಿ ಸ್ಪಷ್ಟವಾಗಿ ಹೇಳಲಾಗದ ತಪ್ಪು ಯಾವುದಿದೆ?

ಇದು ನಿಮಗೊಬ್ಬರಿಗೇ ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ 1955ರಲ್ಲಿ ರೂಪಿಸಿದ ‘ಜೋಹರಿ ಕಿಟಕಿ’ ಎಂಬ ನಾಲ್ಕು ಮನೆಗಳ ಚೌಕದಲ್ಲಿ, ಇತರರಿಗೆ ಕಂಡು ನಮಗೆ ಮಾತ್ರ ಕಾಣದ ಸಂಗತಿಗಳಿಗೇ ಒಂದು ಮನೆಯಿದೆ. ಹುದ್ದೆ ಏರಿದಂತೆ ಆ ಮನೆ ಹಿಗ್ಗುತ್ತದೆ ಎಂಬುದು ನನ್ನ ಅನಿಸಿಕೆ. ಹೇಳುವ ಬಾಯಿಗಳು ಕಡಿಮೆಯಾಗುತ್ತವಲ್ಲ. ಗುಮಾಸ್ತೆಯಾಗಿದ್ದಾಗ ನಿಮ್ಮ ಮುಖ ಊದಿದ್ದರೆ ಪಕ್ಕದ ಮೇಜಿನವರು ಕೇಳುತ್ತಿದ್ದರು. ಈಗ ಮೇಲೆ ಚುನಾಯಿತ ಆಡಳಿತ ಮಂಡಳಿ, ಕೆಳಗೆ ಸಿಬ್ಬಂದಿ. ಪಕ್ಕದ ಮೇಜೇ ಇಲ್ಲ.

ಇನ್ನು ಭಾವನೆಗಳನ್ನು ಅದುಮಿಡುವ ವಿಷಯ. ಮನಶ್ಶಾಸ್ತ್ರಜ್ಞರಾದ ಎಮಿಲಿ ಬಟ್ಲರ್, ಜೇಮ್ಸ್ ಗ್ರಾಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪರಸ್ಪರ ಪರಿಚಯವಿಲ್ಲದ ಇಬ್ಬಿಬ್ಬರು ಮಹಿಳೆಯರಿಗೆ ಮನಸ್ಸು ಕಲಕುವ ಚಲನಚಿತ್ರ ತೋರಿಸಿ, ಅದರ ಬಗ್ಗೆ ಮಾತಾಡಲು ಬಿಟ್ಟರು. ಕೆಲವು ಜೋಡಿಗಳಲ್ಲಿ ಒಬ್ಬಳಿಗೆ ಮಾತ್ರ, ಭಾವನೆ ಹೊರಗೆ ಕಾಣದಂತೆ ಇರು ಎಂದು ಹೇಳಲಾಗಿತ್ತು. ಏನೂ ತಿಳಿಯದೆ ಅವಳೆದುರು ಕುಳಿತವಳ ರಕ್ತದೊತ್ತಡವೂ ಏರಿತು. ನಿಮ್ಮ ಊಟದ ಕೋಣೆಯಲ್ಲಿ ಆಗುತ್ತಿರುವುದೂ ಇಂಥದ್ದೇ ಇರಬೇಕು. ನೆಂಟರ ನೋಟೀಸಿಗೆ ಸಹಿ ಹಾಕಿದ ಸಂಕಟವನ್ನು ನೀವು ನುಂಗುತ್ತೀರಿ; ಅವರು ಅದನ್ನು ತಮ್ಮ ಮೇಲಿನ ಸಿಟ್ಟೆಂದು ಓದಿಕೊಳ್ಳುತ್ತಾರೆ.

ಸಿಬ್ಬಂದಿಯನ್ನು ಸೇರಿಸಿ ‘ನನ್ನ ಬಗ್ಗೆ ಏನನ್ನಿಸುತ್ತದೆ’ ಎಂದು ಮಾತ್ರ ಕೇಳಬೇಡಿ. ಮೇಡಂ ತುಂಬ ಒಳ್ಳೆಯವರು ಎಂದು ಹೇಳಿ ಚಹಾ ಕುಡಿದು ಹೋಗುತ್ತಾರೆ. ಹಳಬರೊಬ್ಬರನ್ನು ಕರೆದು, ಕಳೆದ ವಾರ ನಾನು ಯಾವ ಮಾತಿನಿಂದ ಮಲಯಾಳಕ್ಕೆ ತಿರುಗಿದೆ, ಆಗ ನಿಮಗೇನನ್ನಿಸಿತು ಎಂದು ಕೇಳಿ. ಉತ್ತರ ಬಂದಾಗ ಸಮರ್ಥನೆ ಕೊಡದೆ ಕುಳಿತಿರುವುದು ಕಷ್ಟ. ಕೊಟ್ಟಿರೋ, ಅವರು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ನೋಟೀಸು ಹೊರಡುವ ದಿನ ‘ಇವತ್ತು ನನ್ನ ಮನಸ್ಸು ಸರಿಯಿಲ್ಲ, ನಿಮ್ಮ ಮೇಲೆ ಕೋಪವಲ್ಲ’ ಎಂದು ಬೆಳಿಗ್ಗೆಯೇ ತುಳುವಿನಲ್ಲಿ ಹೇಳಿಬಿಡಿ. ಸಾಲಗಾರರ ಹೆಸರು ಹೇಳಬೇಕಾಗಿಲ್ಲ. ನೋಟೀಸಿನ ಭಾರವನ್ನು ಹಂಚಿಕೊಳ್ಳಲು ಬೇರೆ ಪಂಚಾಯತಿನ ಬ್ಯಾಂಕಿನ ಕಾರ್ಯದರ್ಶಿಯೊಬ್ಬರನ್ನು ಹುಡುಕಿಕೊಳ್ಳಿ. ಅವರೂ ಅಂಥದೇ ನೋಟೀಸುಗಳಿಗೆ ಸಹಿ ಹಾಕುತ್ತಿರುತ್ತಾರೆ. ನಿದ್ದೆ, ಊಟ ಕೆಟ್ಟಿದ್ದರೆ ವೈದ್ಯರ ಬಳಿಗೂ ಹೋಗಿ.

ನಿವೃತ್ತಿಯ ಅರ್ಜಿಯನ್ನು ಮಾರ್ಚ್ 31ರ ಲೆಕ್ಕ ಮುಗಿಯುವವರೆಗೆ ಬರೆಯಬೇಡಿ. ವಸೂಲಿಯ ಗಡಿಬಿಡಿಯಲ್ಲಿ ಬೇಡವೆನಿಸದ ಉದ್ಯೋಗ ಯಾವುದೂ ಇಲ್ಲ. ಮೇ ತಿಂಗಳಲ್ಲೂ ಬೇಡವೆನಿಸಿದರೆ ಬಿಡಿ, ನಾನು ತಡೆಯುವುದಿಲ್ಲ.