ಗೀಸರ್ ಹಾಳಾಗಿಲ್ಲ, ಉಳಿದ 30 ವೋಲ್ಟ್ ಎಲ್ಲಿ ಹೋಯಿತು ಅಂತ ಹುಡುಕಿ

ನೀವು ಕೇಳಿದ್ದು ಇಷ್ಟು: ಕಟಪಾಡಿಯ ಮನೆಯಲ್ಲಿ 15 ಲೀಟರಿನ ಗೀಸರ್ ಇದೆ. ಮೇಲೆ 2000 ವ್ಯಾಟ್, 230 ವೋಲ್ಟ್ ಎಂದು ಬರೆದಿದೆ. ಸಂಜೆ ಹೊತ್ತು ನೀರು ಬೇಗ ಕಾಯುವುದಿಲ್ಲ. ಗೀಸರ್ ಓಡುವಾಗ ಅಳೆದರೆ 200 ವೋಲ್ಟ್, 7.6 ಆಂಪಿಯರ್ ಬಂತು. ಇದರಿಂದ ರೆಸಿಸ್ಟೆನ್ಸ್, ಪವರ್ ತೆಗೆಯುವುದು ಹೇಗೆ? ಕಾಯಿಲ್ ಬದಲಿಸಬೇಕಾ?

ಕಾಯಿಲ್ ಮುಟ್ಟಬೇಡಿ. ಅದು ಸರಿ ಇದೆ, ನಿಮ್ಮ ಅಳತೆಯಲ್ಲೇ ಉತ್ತರ ಉಂಟು.

ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯುವುದಕ್ಕೆ ಇರುವ ತಡೆ, ಬೇಕಾದರೆ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ. 200 ÷ 7.6 = 26.3 ಓಮ್. ಪವರ್ ಬೇಕಾದರೆ ಎರಡನ್ನೂ ಗುಣಿಸಿ. 200 × 7.6 = 1520 ವ್ಯಾಟ್. ಈಗ ಲೇಬಲ್ಲಿನ ಲೆಕ್ಕ ಮಾಡಿ. 2000 ÷ 230 ಅಂದರೆ 8.7 ಆಂಪಿಯರ್. 230 ÷ 8.7 ಅಂದರೆ 26.4 ಓಮ್. ಹೊಸದಿದ್ದಾಗ ಎಷ್ಟಿರಬೇಕಿತ್ತೋ ಈಗಲೂ ಅಷ್ಟೇ ಇದೆ, ಅಲ್ವಾ? ಕಾಯಿಲ್ ತುಂಡಾಗಿದ್ದರೆ ಕರೆಂಟೇ ಹರಿಯುತ್ತಿರಲಿಲ್ಲ.

ತುಂಬಾ ಜನ ತಪ್ಪುವುದು ಇಲ್ಲೇ. 2000 ವ್ಯಾಟ್ ಎನ್ನುವುದು ಗೀಸರ್ ಒಳಗೇ ಕೂತಿದೆ ಎಂದುಕೊಳ್ಳುತ್ತಾರೆ. ಒಳಗೆ ಇರುವುದು 26.4 ಓಮ್ ಮಾತ್ರ. 230 ವೋಲ್ಟ್ ಕೊಟ್ಟರೆ 2000 ವ್ಯಾಟ್, ಕಡಿಮೆ ಕೊಟ್ಟರೆ ಕಡಿಮೆ. ಅದೂ ಎರಡು ಪಟ್ಟು ಪೆಟ್ಟು: ವೋಲ್ಟೇಜ್ ಇಳಿದಾಗ ಕರೆಂಟೂ ಇಳಿಯುತ್ತದೆ. ನಿಮ್ಮಲ್ಲಿ ವೋಲ್ಟೇಜ್ ನೂರಕ್ಕೆ 13 ಇಳಿದಿದೆ, ಪವರ್ ನೂರಕ್ಕೆ 24 ಇಳಿದಿದೆ. 15 ಲೀಟರ್ ನೀರನ್ನು 26 ಡಿಗ್ರಿಯಿಂದ 50 ಡಿಗ್ರಿಗೆ ತರಲು 2000 ವ್ಯಾಟಿನಲ್ಲಿ ಹನ್ನೆರಡೂವರೆ ನಿಮಿಷ ಸಾಕು. 1520 ವ್ಯಾಟಿನಲ್ಲಿ ಹದಿನಾರೂವರೆ ನಿಮಿಷ ಬೇಕು. ಎರಡಕ್ಕೂ ಯೂನಿಟ್ ಖರ್ಚು ಹೆಚ್ಚುಕಡಿಮೆ ಒಂದೇ, 0.42. ಹಾಗಾಗಿ ಬಿಲ್ಲಿನ ಚಿಂತೆ ಬೇಡ.

ನನಗೆ ಚಿಂತೆ ಇರುವುದು ಆ 30 ವೋಲ್ಟಿನದು. ಅದು ಎರಡು ಕಡೆ ಹೋಗಿರಬಹುದು. ಒಂದು, ಮನೆಗೆ ಬರುವಾಗಲೇ ಕಡಿಮೆ ಬರುತ್ತಿರಬಹುದು. ಟ್ರಾನ್ಸ್‌ಫಾರ್ಮರಿನಿಂದ ದೂರ ಇದ್ದರೆ, ಸಂಜೆ ಎಲ್ಲರ ಮನೆಯಲ್ಲೂ ಲೋಡ್ ಜಾಸ್ತಿಯಾದಾಗ, ಹೀಗೆ ಇಳಿಯುವುದುಂಟು. ಇನ್ನೊಂದು, ನಿಮ್ಮ ಮನೆಯೊಳಗಿನ ವೈರ್, ಜಾಯಿಂಟ್, ಸಾಕೆಟ್ ತಿನ್ನುತ್ತಿರಬಹುದು. ಮೊದಲನೆಯದಾದರೆ ಸ್ನಾನಕ್ಕೆ ನಾಲ್ಕು ನಿಮಿಷ ಕಾದರಾಯಿತು. ಎರಡನೆಯದು ಬೆಂಕಿಯ ವಿಷಯ.

ಕೆಲವು ವರ್ಷದ ಹಿಂದೆ ಮಲ್ಪೆ ಕಡೆಯ ಒಂದು ಮನೆಗೆ ಇದೇ ದೂರಿಗೆ ಹೋಗಿದ್ದೆ. ಅಷ್ಟರಲ್ಲಿ ಯಾರೋ ಎರಡು ಕಾಯಿಲ್ ಬದಲಿಸಿ ಆಗಿತ್ತು. ಮನೆಯ ಅಮ್ಮ, "ಮಾರಾಯ್ರೆ, ಹಂಡೆಯ ಒಲೆಗೆ ತೆಂಗಿನ ಸಿಪ್ಪೆ ಹಾಕಿ ಕಾಯಿಸುವುದೇ ಒಳ್ಳೆಯದಿತ್ತು" ಎಂದರು. ನಾನು ಗೀಸರ್ ಬಿಚ್ಚಲಿಲ್ಲ. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದೆ. ನ್ಯೂಟ್ರಲ್ ಸ್ಕ್ರೂ ಅರ್ಧ ಸುತ್ತು ಸಡಿಲ. ಉಪ್ಪುಗಾಳಿಗೆ ತಾಮ್ರದ ಎಳೆಗಳು ಹಸಿರು ಹಿಡಿದಿದ್ದವು. ಪಕ್ಕದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಉಗುರು ತಾಗಿಸಿದರೆ ರಸ್ಕಿನ ಹಾಗೆ ಉದುರಿತು. ಬಿಚ್ಚುವ ಮುಂಚೆ ಅಳೆದಾಗ ಆ ಒಂದು ಜಾಗದಲ್ಲೇ 4 ವೋಲ್ಟ್ ಹೋಗುತ್ತಿತ್ತು, ಕರೆಂಟ್ 8 ಆಂಪಿಯರ್. ನಿಮ್ಮ ಲೆಕ್ಕವನ್ನೇ ಹಾಕಿ. 4 ÷ 8 = ಅರ್ಧ ಓಮ್. 4 × 8 = 32 ವ್ಯಾಟ್. ಅರ್ಧ ಓಮ್ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸೀಸ ಕರಗಿಸುತ್ತದೆ. ಅದಕ್ಕಿಂತ ಜಾಸ್ತಿ ಬಿಸಿ ಆ ಸ್ಕ್ರೂ ಹತ್ತಿರ, ದಿನಾ ಬೆಳಿಗ್ಗೆ ಸಂಜೆ, ಮಕ್ಕಳು ಸ್ನಾನ ಮಾಡುವ ಗೋಡೆಯ ಹಿಂದೆ ಕಾಯುತ್ತಿತ್ತು.

ಹಾಗಾಗಿ ಒಂದು ಕೆಲಸ ಮಾಡಿಸಿ. ಗೀಸರ್ ಓಡುತ್ತಿರುವಾಗಲೇ ಮೇನ್ ಬೋರ್ಡಿನಲ್ಲಿ ವೋಲ್ಟೇಜ್ ಅಳೆಯಬೇಕು, ಕೂಡಲೇ ಗೀಸರಿನ ಸಾಕೆಟ್ಟಿನಲ್ಲೂ ಅಳೆಯಬೇಕು. ಮೇನ್ ಬೋರ್ಡ್ ಬಿಚ್ಚುವುದು ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. 2.5 ಚದರ ಮಿಲಿಮೀಟರಿನ ತಾಮ್ರದ ವೈರ್ 20 ಮೀಟರ್ ಹೋಗಿದ್ದರೆ, ಹೋಗಿ ಬರುವ 40 ಮೀಟರಿಗೆ ರೆಸಿಸ್ಟೆನ್ಸ್ ಸುಮಾರು 0.3 ಓಮ್. ನಿಮ್ಮ 7.6 ಆಂಪಿಯರಿಗೆ ಎರಡು, ಎರಡೂವರೆ ವೋಲ್ಟ್ ಇಳಿಯುವುದು ಸಹಜ. ಅದಕ್ಕಿಂತ ತುಂಬಾ ಜಾಸ್ತಿ ವ್ಯತ್ಯಾಸ ಇದ್ದರೆ ಆವತ್ತೇ ಗೀಸರ್ ನಿಲ್ಲಿಸಿ, ಸಾಕೆಟ್, ಪ್ಲಗ್, ಮಧ್ಯದ ಜಾಯಿಂಟ್ ಎಲ್ಲ ಬಿಚ್ಚಿಸಿ ನೋಡಿ. ಬೋರ್ಡಿನಲ್ಲೂ 202, 203 ಇದ್ದರೆ ಮನೆಯೊಳಗಿನ ವೈರಿಂಗಿನದು ತಪ್ಪಲ್ಲ. ಆಗ ಬೋರ್ಡಿನಲ್ಲಿ ಬಂದ ಅಳತೆಯನ್ನು ಬರೆದು ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಕೊಡಿ. "ವೋಲ್ಟೇಜ್ ಇಲ್ಲ" ಎಂದು ಸುಮ್ನೆ ಹೇಳುವುದಕ್ಕಿಂತ ಅಂಕಿ ಕೊಟ್ಟರೆ ಮಾತಿಗೆ ತೂಕ ಬರುತ್ತದೆ.

ಇದೇ ಲೆಕ್ಕವನ್ನು ಬಾವಿಯ ಪಂಪಿಗೆ ಹಾಕಬೇಡಿ. ಮೋಟಾರಿನಲ್ಲಿ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಸಿಗುವುದು ವೈಂಡಿಂಗಿನ ರೆಸಿಸ್ಟೆನ್ಸ್ ಅಲ್ಲ. ಗುಣಿಸಿದರೂ ನಿಜವಾದ ವ್ಯಾಟ್ ಸಿಗುವುದಿಲ್ಲ, ಪವರ್ ಫ್ಯಾಕ್ಟರಿನಿಂದಲೂ (ಆ ಗುಣಲಬ್ಧದಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಎಂದು ಹೇಳುವ ಅಂಕಿ) ಗುಣಿಸಬೇಕು. ಹಳೆಯ ಫಿಲಮೆಂಟ್ ಬಲ್ಬಿನದ್ದು ಮತ್ತೊಂದು ಕಥೆ: 100 ವ್ಯಾಟಿನ ಬಲ್ಬ್ ಉರಿಯುವಾಗ 529 ಓಮ್, ತಣ್ಣಗಿದ್ದಾಗ ಮೀಟರ್ ಹಿಡಿದರೆ ಅದರ ಹತ್ತನೇ ಒಂದು ಭಾಗವೂ ತೋರಿಸುವುದಿಲ್ಲ. ಗೀಸರಿನ ನೈಕ್ರೋಮ್ ತಂತಿ ಹಾಗಲ್ಲ. ಬಿಸಿಯಾದರೂ ಅದರ ಓಮ್ ಹೆಚ್ಚೇನೂ ಬದಲಾಗುವುದಿಲ್ಲ. ಅದಕ್ಕೇ ನಿಮ್ಮ 26.3ನ್ನು ನಾನು ನಂಬುತ್ತೇನೆ.

ಬೋರ್ಡಿನದು, ಸಾಕೆಟ್ಟಿನದು, ಎರಡೂ ಅಳತೆ ಸಿಕ್ಕಿದ ಮೇಲೆ ಇಲ್ಲೇ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಗೀಸರ್ ಹತ್ತು ನಿಮಿಷ ಓಡಿದ ಮೇಲೆ ಸ್ವಿಚ್ ಆಫ್ ಮಾಡಿ, ಒಣಗಿದ ಕೈಯಿಂದ ಪ್ಲಗ್ಗಿನ ಹಿಂಬದಿ ಮುಟ್ಟಿ ನೋಡಿ. ಸುಡುವಷ್ಟು ಬಿಸಿ ಇದ್ದರೆ ಮತ್ತೆ ಹಾಕಬೇಡಿ.