ಆ ಅಕ್ಕನಿಗೆ ಮೊದಲು ಓದಿ ಹೇಳಿ

ಓದುಗರೊಬ್ಬರ ಪತ್ರ: "ನಮ್ಮದು ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟದ ಲೈನ್‌ಮನೆ, ಅಂದರೆ ತೋಟದ ಕೆಲಸದವರ ಸಾಲುಮನೆ. ನಾನು 2020-21ರಲ್ಲಿ ಕುಶಾಲನಗರ ಕಡೆಯ ಒಂದು ವಸತಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಓದಿದೆ. ಕೊರೊನಾ ಮಧ್ಯೆ ಹಾಸ್ಟೆಲ್ ತೆರೆದಿದ್ದ ಆ ಮೂರು-ನಾಲ್ಕು ತಿಂಗಳು ನನ್ನ ಪಾಲಿಗೆ ತುಂಬಾ ಒಳ್ಳೆಯ ದಿನಗಳು. ಹಾಗೆ ಹೇಳಿದರೆ, ಆ ವರ್ಷ ಅಪ್ಪನನ್ನು ಕಳೆದುಕೊಂಡ ಹಾಸ್ಟೆಲ್ ಗೆಳತಿ ಮುಖ ತಿರುಗಿಸುತ್ತಾಳೆ. ನಾನು ಹೇಳುವುದು ತಪ್ಪಾ? ನನ್ನ ಶಾಲೆಗೆ ಕೃತಜ್ಞತೆ ಹೇಳುವ ಈ ಲೇಖನವನ್ನು ಹಾಕಿಕೊಳ್ಳುತ್ತೀರಾ?"

ಸಂಪಾದಕರ ಉತ್ತರ:

ಹಾಕಿಕೊಳ್ಳುತ್ತೇವೆ. ಆದರೆ ಬೇಜಾರಾಗಬೇಡಿ, ಆರು ಪುಟಗಳಲ್ಲಿ ನಾಲ್ಕಕ್ಕೆ ಕತ್ತರಿ ಹಾಕಿದ್ದೇನೆ. 'ಜ್ಞಾನ ದೇಗುಲ', 'ಶಿಸ್ತಿನ ತವರು' ಎಲ್ಲ ಹೋಯಿತು. ಅವು ಯಾವ ಶಾಲೆಗೆ ಬೇಕಾದರೂ ಹೊಂದುವ ಮಾತು. ವಾರ್ಷಿಕೋತ್ಸವದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಉಳಿಸಿಕೊಂಡದ್ದು ಐದನೇ ಪುಟದಲ್ಲಿ ನೀವು ಸುಮ್ನೆ ಹೇಳಿ ಮುಂದೆ ಹೋದ ಒಂದು ಸಂಗತಿ, ಅಡುಗೆ ಅಕ್ಕನದು. ಆರನೇ ಪುಟ ಅದರ ಹಿಂದೆಯೇ ಬಂತು.

ಆ ದಿನಗಳು ಈಗಿನ ಹೈಸ್ಕೂಲು ಮಕ್ಕಳಿಗೆ ಅಷ್ಟಾಗಿ ನೆನಪಿರಲಾರದು, ಅದಕ್ಕೇ ಒಂದಿಷ್ಟು ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯವರಿಗೆ ತೆರೆದದ್ದು 2021ರ ಜನವರಿ 1ರಂದು. ಹಾಸ್ಟೆಲ್ ಸೇರಬೇಕಾದರೆ ಕೋವಿಡ್ ನೆಗೆಟಿವ್ ರಿಪೋರ್ಟ್ ಬೇಕಿತ್ತು. ಏಪ್ರಿಲ್ 27ರ ರಾತ್ರಿ ರಾಜ್ಯ ಮತ್ತೆ ಬಂದ್. ಕೊನೆಗೆ ಜುಲೈ 19 ಮತ್ತು 22ರಂದು, ಎರಡೇ ದಿನದ ಪರೀಕ್ಷೆಯಲ್ಲಿ ಆರೂ ವಿಷಯದ ಬಹು ಆಯ್ಕೆ ಪ್ರಶ್ನೆಗಳಿಗೆ ಉತ್ತರ ಗುರುತಿಸಿ ಬಂದಿರಿ. ಅದಕ್ಕೂ ಹಿಂದಿನ ವರ್ಷದವರ ಪಾಡು ಬೇರೆ. ಹಾಸ್ಟೆಲ್ ಮಕ್ಕಳಿಗೆ ಮನೆ ಹತ್ತಿರದ ಕೇಂದ್ರದಲ್ಲೇ ಬರೆಯಲು ಬಿಟ್ಟರು. ಒಳ್ಳೆಯ ತೀರ್ಮಾನವೇ. ಆದರೆ ಐದು ವರ್ಷ ಒಟ್ಟಿಗೆ ಉಂಡು ಮಲಗಿದವರು ಒಬ್ಬರಿಗೊಬ್ಬರು ಹೋಗಿಬರ್ತೀನಿ ಅಂತ ಕೂಡ ಹೇಳದೆ ಶಾಲೆ ಮುಗಿಸಿದರು. ನಿಮಗೆ ಆ ಮೂರು-ನಾಲ್ಕು ತಿಂಗಳಾದರೂ ಸಿಕ್ಕಿತು.

ಅದು ನಿಮಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಲೈನ್‌ಮನೆಯಲ್ಲಿ ಅಪ್ಪನದೊಂದೇ ಫೋನು, ಅದೂ ಅವರ ಜೊತೆ ತೋಟಕ್ಕೆ ಹೋಗುತ್ತಿತ್ತು, ನೆಟ್‌ವರ್ಕ್ ಬರುತ್ತಿದ್ದುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ ಎಂದು ಬರೆದಿದ್ದೀರಿ. ಅಂಥಲ್ಲಿಂದ ಬಂದು, ಮೂವತ್ತು ಹುಡುಗಿಯರ ನಡುವೆ ರಾತ್ರಿ ಗಣಿತ ಬಿಡಿಸುವುದು, ಮೆಣಸು-ಜೀರಿಗೆ ಕಷಾಯ ಕುಡಿದು ಮುಖ ಸಿಂಡರಿಸುವುದು, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ ಬೇಲಿಯಾಚೆಯ ತೋಟವೆಲ್ಲ ಬೆಳ್ಳಗಾದದ್ದನ್ನು ಮಾಸ್ಕ್ ಇಳಿಸಿ ಮೂಸಿ ನೋಡಿ 'ವಾಸನೆ ಬರ್ತಿದೆ, ನಂಗೆ ಕೊರೊನಾ ಇಲ್ಲ' ಎಂದು ಕೂಗುವುದು. ಇದು ಖುಷಿಯಲ್ಲದೆ ಮತ್ತೇನು?

ಗೆಳತಿ ಮುಖ ತಿರುಗಿಸಿದ್ದು ಈ ಖುಷಿಗೆ ಅಲ್ಲ ಅನ್ನಿಸುತ್ತದೆ. 'ಒಳ್ಳೆಯ ದಿನಗಳು' ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟಿದರೆ ಅದರೊಳಗೆ ಅವಳ ಅಪ್ಪನ ಸಾವೂ ಸೇರಿಬಿಡುತ್ತದೆ. ಕಷಾಯದ ಮಾತು ಹೇಳಿ ನೋಡಿ. ಅವಳೂ ಆ ಲೋಟ ಹಿಡಿದವಳೇ ಅಲ್ವಾ?

ಇನ್ನು ಆ ಅಕ್ಕ. ಹೊರಗೆ ಹೋಗಿ ಬಂದರೆ ಸೋಂಕು ತರಬಹುದೆಂದು ಅಡುಗೆಯವರನ್ನೂ ಒಳಗೇ ಉಳಿಸಿಕೊಂಡರು ಎಂದು ಬರೆದಿದ್ದೀರಿ. ಅವರ ಮಗ ನಾಲ್ಕನೇ ಕ್ಲಾಸ್. ಮನೆಯಲ್ಲಿ ಅಜ್ಜಿ ಜೊತೆ. ರಾತ್ರಿ ಪಾತ್ರೆ ಆದ ಮೇಲೆ ಅವರು ನಿಮ್ಮ ಹತ್ತಿರ ಬಂದು, 'ಅವನಿಗೆ ಒಂದಷ್ಟು ಲೆಕ್ಕ ಬರೆದುಕೊಡವ್ವ' ಎನ್ನುತ್ತಿದ್ದರು. ನೀವು ನೋಟ್‌ಬುಕ್‌ನಲ್ಲಿ ಮಗ್ಗಿ, ಭಾಗಾಕಾರ ಬರೆದುಕೊಟ್ಟರೆ ಅದು ತರಕಾರಿ ಗಾಡಿಯವರ ಕೈಲಿ ಊರಿಗೆ ಹೋಗುತ್ತಿತ್ತು. ಮುಂದಿನ ವಾರ ತಿದ್ದಲು ವಾಪಸ್ ಬರುತ್ತಿತ್ತು.

ಇಷ್ಟನ್ನು ನಾಲ್ಕು ಸಾಲಲ್ಲಿ ಮುಗಿಸಿದ್ದೀರಿ! ಒಂದರಿಂದ ಐದನೇ ಕ್ಲಾಸಿನವರಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಲೆಕ್ಕ ಹಾಕಿ, ಒಂದೂವರೆ ವರ್ಷಕ್ಕೂ ಜಾಸ್ತಿ. ನಿಮಗೆ ಬಿಸಿ ಅನ್ನ ಬಡಿಸಲು ಆ ತಾಯಿ ಒಳಗಿದ್ದರು. ಆ ಮೂರು-ನಾಲ್ಕು ತಿಂಗಳು ಅವರ ಹುಡುಗನಿಗೆ ಶಾಲೆ ಅಂದರೆ ನಿಮ್ಮ ನೋಟ್‌ಬುಕ್. ನೀವು 'ಶಾಲೆಗೆ' ಕೃತಜ್ಞತೆ ಹೇಳುತ್ತೀರಿ. ಕಟ್ಟಡಕ್ಕೆ ಅದು ಕೇಳಿಸುವುದಿಲ್ಲ. ಎಷ್ಟೋ ಹಾಸ್ಟೆಲ್‌ ಕಟ್ಟಡಗಳು ಆ ಕಾಲದಲ್ಲಿ ಕೋವಿಡ್ ಕೇರ್ ಸೆಂಟರ್ ಆಗಿದ್ದವು, ಗೋಡೆ ಅವೇ.

ನಮ್ಮ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಇದೇ ಜಿಲ್ಲೆಯ ಮೇಷ್ಟ್ರೊಬ್ಬರು ಮರದ ಮೇಲೆ ಅಟ್ಟ ಕಟ್ಟಿ ಅಲ್ಲಿಂದ ಆನ್‌ಲೈನ್ ಪಾಠ ಮಾಡಿದಾಗ ಎಲ್ಲರ ಹಾಗೆ ನಾವೂ ಬರೆದೆವು. ಬರೆಯಬೇಕಾದದ್ದೇ. ಆದರೆ ಹಾಸ್ಟೆಲ್ ಅಡುಗೆಮನೆಗೆ ಹೋಗಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಗೇಟಿನಲ್ಲಿ ಒಳಗೆ ಬಿಡುತ್ತಿರಲಿಲ್ಲ ಎಂದು ನೆಪ ಹೇಳಬಹುದು. ಫೋನ್ ಇತ್ತಲ್ಲ.

ಈಗ ನಿಮಗೊಂದು ಕೆಲಸ. ಆ ಅಕ್ಕ ಈಗ ಎಲ್ಲಿದ್ದಾರೆ? ಪತ್ರದಲ್ಲಿಲ್ಲ. ಹಾಸ್ಟೆಲ್ ಅಡುಗೆಯವರಲ್ಲಿ ಹೊರಗುತ್ತಿಗೆಯವರು ಬಹಳ, ಅಲ್ಲೇ ಇರಬಹುದು, ಇಲ್ಲದೆಯೂ ಇರಬಹುದು. ಅವರ ಊರು ತರಕಾರಿ ಗಾಡಿಯವರಿಗೆ ಗೊತ್ತಿರುತ್ತದೆ. ಹುಡುಕಿ ಹೋಗಿ. ಕತ್ತರಿ ಹಾಕಿದ ಮೇಲೆ ಉಳಿದ ಈ ಎರಡು ಪುಟವನ್ನು ಓದಿ ಹೇಳಿ. ಮಗನ ವಿಷಯ ಅಚ್ಚಾಗುವುದು ಬೇಡ ಎಂದರೆ ಆ ಭಾಗ ತೆಗೆಯೋಣ. ಆ ಹುಡುಗ ಈಗ ಹೈಸ್ಕೂಲಿನಲ್ಲೋ ಅದನ್ನು ದಾಟಿಯೋ ಇರಬೇಕು. ಅವನನ್ನೂ ಒಂದು ಮಾತು ಕೇಳಿ.

ಮುಂದಿನ ಸಂಚಿಕೆ 20ನೇ ತಾರೀಖು ಪ್ರೆಸ್ಸಿಗೆ ಹೋಗುತ್ತದೆ. ಅಷ್ಟರೊಳಗೆ ಆಗದಿದ್ದರೆ ಅದರಾಚೆಯ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಆ ನೋಟ್‌ಬುಕ್ ಯಾರ ಮನೆಯಲ್ಲಾದರೂ ಉಳಿದಿದ್ದರೆ ಒಂದು ಪುಟದ ಫೋಟೊ ಕಳಿಸಿ.